ಅಪ್ಪನ ಉಳಿ ಪೆಟ್ಟಿಗೆ: ಇಟ್ಟುಕೊಳ್ಳಲೋ, ಮಸೆಯಲೋ, ಗುಜರಿಗೆ ಹಾಕಲೋ?

ಹರಿಹರದ ಹುಡುಗ

ನಮಸ್ಕಾರ. ಆಯುಧಪೂಜೆಗೆ ಊರಿಗೆ ಹೋಗಿದ್ದೆ. ಅಟ್ಟದ ಮೇಲೆ ಅಪ್ಪನ ಕೆಲಸದ ಪೆಟ್ಟಿಗೆ ಇದೆ. ಅಪ್ಪ ಹೋಗಿ ಆರು ವರ್ಷ ಆಯಿತು. ಪ್ರತಿ ವರ್ಷ ಅಮ್ಮ ಮುಚ್ಚಳದ ಮೇಲೇ ಕುಂಕುಮ ಹಚ್ಚಿ, ಒಂದು ಹೂವಿಟ್ಟು ಮುಗಿಸುತ್ತಿದ್ದರು. ಈ ಸಲ ನಾನೇ ಕೆಳಗಿಳಿಸಿ ತೆರೆದೆ. ಪೂರ್ತಿ ತುಕ್ಕು.

ಮನೆ ರಿಪೇರಿಗೆ ಕೊಡುತ್ತಿದ್ದೇವೆ, ದೀಪಾವಳಿ ಒಳಗೆ ಅಟ್ಟ ಖಾಲಿ ಆಗಬೇಕು. ನಾನಿರುವುದು ಬೆಂಗಳೂರಿನಲ್ಲಿ, ಎರಡು ಬೆಡ್‌ರೂಮಿನ ಫ್ಲ್ಯಾಟು. ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ ಇಟ್ಟು ಉಳಿದ ಜಾಗದಲ್ಲಿ ಒಂದು ಸಣ್ಣ ಬೆಂಚು ಹಾಕಿಕೊಂಡಿದ್ದೇನೆ, ಭಾನುವಾರ ಸ್ಟೂಲು, ಶೆಲ್ಫು ಅಂತ ಏನಾದರೂ ಮಾಡುತ್ತಿರುತ್ತೇನೆ. ಪೆಟ್ಟಿಗೆಯಲ್ಲಿ 14 ಉಳಿ ಇವೆ, ಅದರಲ್ಲಿ ಐದು ಬಾಯಿ ಬಾಗಿದವು. ಮರ ಕೀಸಿ ನಯ ಮಾಡುವ ಹತ್ತರಿಗಳಲ್ಲಿ ಒಂದು ಕಬ್ಬಿಣದ್ದು, ಎರಡು ಮರದವು. ಎರಡು ಗರಗಸ, ಒಂದು ಕೊಡತಿ (ಮರದ ಸುತ್ತಿಗೆ), ಮೂಲೆಮಟ್ಟ, ಒಂದು ರಾಶಿ ಅರ, ರಾಲಿ ವುಲ್ಫ್ ಕಂಪನಿಯ ಹಳೆ ಕರೆಂಟ್ ಡ್ರಿಲ್ಲು, ಒಂದು ಸ್ಟೀಲ್ ಸ್ಕೇಲು. ಆ ಸ್ಕೇಲ್ ತಪ್ಪು. ನನ್ನ ಟೇಪಿಗೆ ಹಿಡಿದು ನೋಡಿದೆ, ಒಂದು ಅಡಿಗೆ ಸುಮಾರು 3 ಮಿ.ಮೀ. ಜಾಸ್ತಿ ಇದೆ.

ಅಪ್ಪ ಒಂದು ಕಾರ್ಖಾನೆಯಲ್ಲಿ ಬಡಗಿ ಆಗಿದ್ದರು. ಮನೆಯಲ್ಲಿ ಕೆಲಸದ ಬಗ್ಗೆ ಮಾತಾಡುತ್ತಿರಲಿಲ್ಲ.

ಇಲ್ಲಿ ಮನೆ ಹತ್ತಿರ ಸಾಣೆ ಹಿಡಿಯುವ ಅಂಗಡಿಗೆ ಕಬ್ಬಿಣದ ಹತ್ತರಿಯ ಬ್ಲೇಡು ಮಾತ್ರ ಕೊಟ್ಟು ನೋಡಿದೆ. ಹತ್ತೇ ನಿಮಿಷದಲ್ಲಿ ಮಿರಮಿರ ಮಿಂಚುವ ಹಾಗೆ ಮಾಡಿ ಕೊಟ್ಟ. ಆದರೆ ಬಾಯಿ ನೀಲಿ ಬಣ್ಣ ಆಗಿದೆ, ಒಂದು ಹಲಗೆ ಹೊಡೆಯುವಷ್ಟರಲ್ಲಿ ಮತ್ತೆ ಮೊಂಡು. ಬಾಗಿದ ಉಳಿಗಳನ್ನೂ ನೋಡಿದ. "ಇವನ್ನೆಲ್ಲ ಉಲ್ಟಾ ಮಸೆದಿದ್ದಾರೆ, ಇಳಿಜಾರು ಒಳಗಡೆ ಇದೆ, ಹೊರಗಡೆ ಮಾಡಿಕೊಡುತ್ತೇನೆ" ಅಂದ. ಯೋಚಿಸಿ ಹೇಳುತ್ತೇನೆ ಅಂತ ವಾಪಸ್ ತಂದೆ. ಗುಜರಿಯವನು ತೂಕಕ್ಕೆ ತಗೊಳ್ಳುತ್ತಾನಂತೆ. ಏನು ಮಾಡಲಿ?

ಗ್ಯಾರೇಜ್ ಗೌಡ

ಸರ್, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಉಳಿ, ಒಂದು ಹತ್ತರಿ ನೆನಪಿಗೆ ಇಟ್ಟುಕೊಂಡು ಉಳಿದದ್ದು ಗುಜರಿಗೆ ಹಾಕಿ. ನಾನೂ ನಮ್ಮ ತಾತನ ಸಾಮಾನು ಹೀಗೇ ಹೊತ್ತು ತಂದೆ. ನಾಲ್ಕು ವರ್ಷ ಆಯಿತು, ಮಂಚದ ಕೆಳಗೆ ಗೋಣಿಚೀಲದಲ್ಲಿದೆ. ವರ್ಷಕ್ಕೊಮ್ಮೆ ಪೊರಕೆ ತಾಗಿ ಹೆಂಡತಿ ಬೈಯುವಾಗ ನೆನಪಾಗುತ್ತದೆ.

ನಿಮ್ಮ ಕೆಲಸ ಏನು? ಶೆಲ್ಫು, ಸ್ಟೂಲು. ಅಂದರೆ ಪ್ಲೈವುಡ್ಡು. ಪ್ಲೈವುಡ್ಡಿನ ಅಂಟಿಗೆ ಎಂಥ ಉಕ್ಕಿನ ಬಾಯಿಯೂ ಬೇಗ ಹೋಗುತ್ತದೆ, ಅದಕ್ಕೆ ಕಾರ್ಬೈಡ್ ಹಲ್ಲಿನ ಬ್ಲೇಡೇ ಸರಿ. ನಾಲ್ಕು ಒಳ್ಳೆ ಉಳಿ ಹೊಸದು ತಗೊಂಡರೆ ಜೀವನಪೂರ್ತಿ ಆಯಿತು. ತುಕ್ಕು ಉಜ್ಜಲು ಕಳೆಯುವ ಭಾನುವಾರಗಳಿಗೆ ಲೆಕ್ಕ ಇಲ್ಲವಾ?

ಪೀಣ್ಯ ಟರ್ನರ್

ಗೌಡರು ಹೇಳಿದ್ದರಲ್ಲಿ ಅರ್ಧ ಸರಿ. ಆದರೆ ಮೊದಲು ಒಂದು ಮಾತು. ಇನ್ನೊಂದು ಸಾಮಾನನ್ನೂ ಆ ಸಾಣೆ ಅಂಗಡಿಗೆ ಕೊಡಬೇಡಿ!

ನೀಲಿ ಬಣ್ಣ ಅಂದರೆ ಹದ ಹೋಯಿತು ಅಂತ. ಉಳಿ, ಹತ್ತರಿ ಬ್ಲೇಡು ಎಲ್ಲ ಕಾರ್ಬನ್ ಉಕ್ಕು. ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿ ಗಟ್ಟಿ ಮಾಡಿ, ಆಮೇಲೆ ಮತ್ತೆ ಸ್ವಲ್ಪ ಕಾಯಿಸಿ ಹದ ಮಾಡಿರುತ್ತಾರೆ. ಒಣಹುಲ್ಲಿನ ಬಣ್ಣ ಬಂದಾಗ, ಅಂದರೆ 220–230 ಡಿಗ್ರಿ ಸೆಲ್ಸಿಯಸ್ ಹತ್ತಿರ ನಿಲ್ಲಿಸಿದರೆ ಬಾಯಿ ಗಟ್ಟಿಯಾಗಿರುತ್ತದೆ. ನೀಲಿ ಬಂತು ಅಂದರೆ 300ರ ಹತ್ತಿರ ಹೋಗಿದೆ. ಸ್ಪ್ರಿಂಗಿಗೆ ಆಗುವ ಹದ ಅದು, ಉಳಿಗೆ ಮೆತ್ತಗಾಯಿತು. ಬೆಂಚ್ ಗ್ರೈಂಡರು ನಿಮಿಷಕ್ಕೆ 2,800ಕ್ಕೂ ಜಾಸ್ತಿ ಸುತ್ತುತ್ತದೆ. ತೆಳ್ಳಗಿನ ಬಾಯಿ ನೀಲಿ ಆಗಲು ಎರಡು ಸೆಕೆಂಡ್ ಸಾಕು. ಕುಡುಗೋಲು, ಅಡುಗೆ ಚಾಕು ಮಸೆಯುವವರು ನೀರಿನ ಡಬ್ಬ ಇಟ್ಟುಕೊಳ್ಳುವುದೇ ಇಲ್ಲ.

ಬ್ಲೇಡು ಸತ್ತಿಲ್ಲ, ಹೆದರಬೇಡಿ. ಸುಟ್ಟಿರುವುದು ತುದಿ ಮಾತ್ರ. ನೀಲಿ ಇರುವಷ್ಟು ಭಾಗ, ಎರಡು ಮೂರು ಮಿ.ಮೀ. ಇರಬಹುದು, ಅಷ್ಟು ಸವೆಸಿ ಹಿಂದೆ ಹೋಗಿ. ಕೈಯಲ್ಲೇ ಮಾಡಿ. ಗ್ರೈಂಡರೇ ಆದರೆ ಮುಟ್ಟಿಸು, ನೀರಿಗೆ ಅದ್ದು, ಮುಟ್ಟಿಸು, ನೀರಿಗೆ ಅದ್ದು. ಬರಿಗೈಯಲ್ಲಿ ಹಿಡಿಯಿರಿ, ಗ್ಲೌಸ್ ಬೇಡ. ಬೆರಳಿಗೆ ಬಿಸಿ ತಟ್ಟಿದರೆ ಅದ್ದುವ ಹೊತ್ತಾಯಿತು ಅಂತ ಗೊತ್ತಾಗುತ್ತದೆ. ಕಣ್ಣಿಗೆ ಮಾತ್ರ ಕನ್ನಡಕ ಇರಲೇಬೇಕು.

ಲೇತಿನಲ್ಲಿ, ಅಂದರೆ ಲೋಹ ತಿರುಗಿಸಿ ಕಡೆಯುವ ಮೆಷಿನ್ನಿನಲ್ಲಿ, ಹಾಕುವ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲ್ ಕಥೆ ಬೇರೆ, ಅದು ಕೆಂಪಗಾಗುವ ತನಕ ತಡೆಯುತ್ತದೆ. ಅದನ್ನು ನೋಡಿ ಕಲಿತವರು ಉಳಿಗೂ ಅದೇ ಮಾಡುತ್ತಾರೆ. ನಾನೂ ಮಾಡಿದ್ದೇನೆ ಬಿಡಿ, ನಮ್ಮ ಮಾವನ ಬಾಚಿ ಹಾಳು ಮಾಡಿದವನು ನಾನೇ.

ಸಾಗರದ ಶಾಂತಕ್ಕ

ಮಲೆನಾಡಿನಲ್ಲಿ ಕಬ್ಬಿಣ ಅಂದ ಮೇಲೆ ತುಕ್ಕು ಇದ್ದದ್ದೇ. ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಕತ್ತಿಗಳೆಲ್ಲ ಇಟ್ಟಿಗೆ ಬಣ್ಣ. ಹಾಗಂತ ಎಸೆಯುತ್ತೇವಾ?

ತುಕ್ಕಿನಲ್ಲಿ ಎರಡು ಬಗೆ ಇದೆ ತಮ್ಮಾ. ಮೇಲೆ ಪುಡಿಪುಡಿಯಾಗಿ ಕೂತದ್ದು ಒಂದು, ಬಟ್ಟೆಗೆ ಸೀಮೆಎಣ್ಣೆ ಹಾಕಿ ಉಜ್ಜಿದರೆ ಬರುತ್ತದೆ. ಇನ್ನೊಂದು ಒಳಗೆ ಕೊರೆದದ್ದು. ಸಿಡುಬಿನ ಕಲೆ ಥರ ಗುಳಿ ಬಿದ್ದಿರುತ್ತದೆ. ಉಜ್ಜಿದ ಮೇಲೆ ಉಗುರಿನಲ್ಲಿ ಸವರಿ ನೋಡಿ, ಉಗುರು ಸಿಕ್ಕಿಕೊಂಡರೆ ಎರಡನೇದು.

ನಮ್ಮ ಕಡೆ ಗುಡಿಗಾರರ ಮನೆಗಳಲ್ಲಿ ಶ್ರೀಗಂಧ ಕೆತ್ತುವ ಉಳಿಗಳನ್ನು ನೋಡಿದ್ದೇನೆ. ಮಸೆದು ಮಸೆದು ಅರ್ಧ ಬೆರಳುದ್ದ ಉಳಿದಿರುತ್ತವೆ, ಆದರೂ ಬಿಡುವುದಿಲ್ಲ. ಹಿಡಿ ಮಾತ್ರ ಹೊಸದು.

ಸಾಣೆಕಲ್ಲು

ಶಾಂತಕ್ಕ ಹೇಳಿದ ಗುಳಿ ಎಲ್ಲಿದೆ ಅನ್ನುವುದೇ ಇಲ್ಲಿ ಮುಖ್ಯ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಉಳಿಯ ಬಾಯಿ ಅಂದರೆ ಎರಡು ಮುಖ ಸೇರುವ ಗೆರೆ. ಒಂದು ಇಳಿಜಾರು, ಇನ್ನೊಂದು ಚಪ್ಪಟೆ ಬೆನ್ನು. ಎಲ್ಲರೂ ಇಳಿಜಾರನ್ನೇ ಮಸೆಯುತ್ತಾರೆ, ಬೆನ್ನನ್ನು ಯಾರೂ ನೋಡುವುದಿಲ್ಲ. ಬೆನ್ನಿನಲ್ಲಿ ಬಾಯಿಯ ಹತ್ತಿರ ಗುಳಿ ಇದ್ದರೆ ನೀವು ಇಳಿಜಾರನ್ನು ಎಷ್ಟೇ ಕನ್ನಡಿ ಮಾಡಿ, ಗುಳಿ ಬಂದ ಕಡೆ ಬಾಯಿ ಗರಗಸದ ಹಲ್ಲಿನ ಹಾಗೆ ಮುರಿದಿರುತ್ತದೆ. ಗುಳಿ ಬಾಯಿಯಿಂದ ಒಂದೂವರೆ ಇಂಚು ಹಿಂದೆ ಇದೆಯಾ? ಚಿಂತೆ ಇಲ್ಲ, ಅಲ್ಲಿಗೆ ಮಸೆದು ತಲುಪಲು ಹತ್ತು ವರ್ಷ ಬೇಕು. ಇಳಿಜಾರಿನಲ್ಲಿ ಇದೆಯಾ? ಅದೂ ಚಿಂತೆ ಇಲ್ಲ, ಸವೆದು ಹೋಗುತ್ತದೆ. ಬೆನ್ನಿನ ಮೊದಲ ಅರ್ಧ ಇಂಚಿನಲ್ಲಿ ಆಳವಾಗಿ ಇದ್ದರೆ ಮಾತ್ರ ಯೋಚಿಸಿ.

ಆದ್ದರಿಂದ 14 ಉಳಿಗೂ ಒಟ್ಟಿಗೆ ತೀರ್ಪು ಕೊಡಬೇಡಿ. ಒಂದೇ ಒಂದು ಉಳಿ ತಗೊಳ್ಳಿ, ಮುಕ್ಕಾಲು ಇಂಚಿನದ್ದು ಇದ್ದರೆ ಅದೇ. ಅಡುಗೆಮನೆ ಕಟ್ಟೆಗೆ ಹಾಕುವ ಗ್ರಾನೈಟ್ ಇದೆಯಲ್ಲ, ಮಾರ್ಬಲ್ ಅಂಗಡಿ ಮುಂದೆ ಅದರ ತುಂಡು ಬಿದ್ದಿರುತ್ತವೆ, ಒಂದು ಕೇಳಿ ತನ್ನಿ. ಪಾಲಿಶ್ ಮಾಡಿದ ಮುಖ ನಮ್ಮ ಕೆಲಸಕ್ಕೆ ಸಾಕಷ್ಟು ಸಮತಟ್ಟು. ಅದರ ಮೇಲೆ 220 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳುಕಾಗದ) ಅಂಟಿಸಿ, ನೀರು ಹಾಕಿ, ಬೆನ್ನನ್ನು ಉಜ್ಜಿ. ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಎಲ್ಲಿ ಬೆಳ್ಳಗೆ ಬಂತೋ ಅಲ್ಲಿ ಕಲ್ಲು ತಾಗಿದೆ, ಎಲ್ಲಿ ಕಪ್ಪು ಉಳಿಯಿತೋ ಅಲ್ಲಿ ತಗ್ಗು. ಬಾಯಿಯ ಉದ್ದಕ್ಕೂ ಒಂದು ಬೆಳ್ಳಿ ಪಟ್ಟಿ ಸಿಕ್ಕರೆ ಸಾಕು, ಪೂರ್ತಿ ಬೆನ್ನು ಹೊಳೆಯಬೇಕಾಗಿಲ್ಲ. ಆಮೇಲೆ 400, 1000, 2000.

ಇಳಿಜಾರಿಗೆ ಕೋನ ಅಳೆಯುವ ಸಾಮಾನು ಬೇಡ. ಇಳಿಜಾರಿನ ಉದ್ದ ಉಳಿಯ ದಪ್ಪದ ಎರಡು ಪಟ್ಟು ಇದ್ದರೆ 30 ಡಿಗ್ರಿ. ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಇದ್ದರೆ 25. ಮರದ ಉಳಿಗೆ ಇವೆರಡರ ನಡುವೆ ಎಲ್ಲಿದ್ದರೂ ನಡೆಯುತ್ತದೆ. ಇಳಿಜಾರು ಉಜ್ಜುತ್ತಾ ಹೋದರೆ ಬೆನ್ನಿನ ಕಡೆ ಒಂದು ಸಣ್ಣ ಮುಳ್ಳು ಮಡಚಿಕೊಳ್ಳುತ್ತದೆ, ವರ್ಕ್‌ಶಾಪಿನವರು ಬರ್ ಅನ್ನುತ್ತಾರೆ. ಅದು ಬೆರಳಿಗೆ ತಾಗುವ ತನಕ ಮುಂದಿನ ಪೇಪರಿಗೆ ಹೋಗಬೇಡಿ. ಎಲ್ಲರೂ ತಪ್ಪುವುದು ಇಲ್ಲೇ. ಕೊನೆಗೆ ಹಳೆ ಚರ್ಮದ ಬೆಲ್ಟಿನ ಒಳಮುಖಕ್ಕೆ ಹತ್ತು ಸಲ ಹಿಂದಕ್ಕೆ ಎಳೆಯಿರಿ.

ಈಗ ತೇಗದ ತುಂಡಿನ ಕೊನೆಯ ಮುಖ, ನಾರು ಅಡ್ಡ ಕಡಿದ ಕಡೆ, ಕೈಯಿಂದಲೇ ಒತ್ತಿ ಕೊಯ್ಯಿರಿ. ಸುತ್ತಿಗೆ ಬೇಡ. ಮೇಣದ ಹಾಗೆ ಕೊಯ್ದರೆ ಉಕ್ಕು ಒಳ್ಳೆಯದು. ಇಪ್ಪತ್ತು ಸಲ ಕೊಯ್ದ ಮೇಲೂ ಹಾಗೇ ಇದ್ದರೆ ತುಂಬಾ ಒಳ್ಳೆಯದು. ಆಮೇಲೆ ನಿರ್ಧಾರ ಮಾಡಿ.

ಮೊಂಡು ಉಳಿ

ವಿನಿಗರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟರೆ ಮುಗೀತಲ್ಲ ಗುರೂ, ಇಷ್ಟೆಲ್ಲ ಯಾಕೆ?

ಪೀಣ್ಯ ಟರ್ನರ್

ಒಂದು ರಾತ್ರಿ ಸರಿ. ನಮ್ಮ ಹುಡುಗ ಒಬ್ಬ ಶುಕ್ರವಾರ ಹಾಕಿ ಸೋಮವಾರ ತೆಗೆದ. ತುಕ್ಕೂ ಹೋಗಿತ್ತು, ಜೊತೆಗೆ ಕಂಪನಿ ಹೆಸರೂ ಹೋಗಿತ್ತು. ಹುಳಿ ತುಕ್ಕು ತಿಂದು ಮುಗಿಸಿ ಉಕ್ಕಿಗೆ ಕೈ ಹಾಕುತ್ತದೆ. ಆರು ಗಂಟೆಗೊಮ್ಮೆ ತೆಗೆದು ಬ್ರಷ್ ಹೊಡೆದು ನೋಡಿ. ಹೊರಗೆ ತೆಗೆದ ತಕ್ಷಣ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಬೇಕು. ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಮತ್ತೆ ಕೆಂಪು. ಹಿತ್ತಾಳೆ ಇರುವುದು, ಮರದ ಹಿಡಿ ಇರುವುದು ಮುಳುಗಿಸಬೇಡಿ.

ಬ್ಯಾಟರಿ ಚಾರ್ಜರ್, ವಾಷಿಂಗ್ ಸೋಡಾ ಹಾಕಿ ಕರೆಂಟಿನಲ್ಲಿ ತುಕ್ಕು ಬಿಡಿಸುವ ವಿಡಿಯೋಗಳು ಓಡಾಡುತ್ತವೆ. ಕೆಲಸ ಮಾಡುತ್ತದೆ. ಸಾಮಾನು ಮೈನಸ್ಸಿಗೆ, ಇನ್ನೊಂದು ಕಡೆ ಬರೀ ಕಬ್ಬಿಣದ ತುಂಡು. ಸ್ಟೇನ್‌ಲೆಸ್ ಚಮಚ ಹಾಕಬೇಡಿ, ಅದರಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಹೈಡ್ರೋಜನ್ ಬರುತ್ತದೆ, ಮನೆ ಒಳಗೆ ಬೇಡವೇ ಬೇಡ.

ಹರಿಹರದ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಗ್ರಾನೈಟ್ ತುಂಡು ಸಿಕ್ಕಿತು, ಪುಕ್ಕಟೆ. ಮುಕ್ಕಾಲು ಇಂಚಿನ ಉಳಿ ಉಜ್ಜುತ್ತಿದ್ದೇನೆ. ತುಕ್ಕು ಹೋದ ಮೇಲೆ ಕುತ್ತಿಗೆ ಹತ್ತಿರ ಇಂಗ್ಲಿಷಿನಲ್ಲಿ "ಕಾಸ್ಟ್ ಸ್ಟೀಲ್" ಅಂತ ಅಚ್ಚು ಕಂಡಿತು. ಬೇಜಾರಾಯಿತು. ಕಾಸ್ಟ್ ಅಂದರೆ ಬೀಡು ಅಲ್ವಾ? ಹೊಡೆದರೆ ಒಡೆಯುವ ಮಾಲು?

ಕಬ್ಬಿಣದ ಹತ್ತರಿ ಮೇಲೆ "ರೆಕಾರ್ಡ್", ಪಕ್ಕದಲ್ಲಿ 05 ಅಂತ ಇದೆ.

ಸಾಣೆಕಲ್ಲು

ಅಯ್ಯೋ ಮಾರಾಯರೇ, ಬೇಜಾರಾಗುವುದಲ್ಲ, ಕುಣಿಯಬೇಕು! ಕಾಸ್ಟ್ ಐರನ್ ಬೇರೆ, ಕಾಸ್ಟ್ ಸ್ಟೀಲ್ ಬೇರೆ. ಮೊದಲನೆಯದು ಬೀಡು. ಎರಡನೆಯದು ಮೂಸೆಯಲ್ಲಿ ಕರಗಿಸಿದ ಉಕ್ಕು. 1740ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದವನು ಆ ರೀತಿ ಮಾಡಲು ಶುರು ಮಾಡಿದ. ಅಲ್ಲಿನ ಉಳಿಗಳಿಗೆಲ್ಲ ಆಮೇಲೆ ಅದೇ ಅಚ್ಚು. ನಮ್ಮ ದಕ್ಷಿಣದವರು ಮೂಸೆಯಲ್ಲಿ ಉಕ್ಕು ಮಾಡುತ್ತಿದ್ದದ್ದು ಅದಕ್ಕಿಂತ ಎಷ್ಟೋ ಹಿಂದೆ. ಇಂಗ್ಲಿಷಿನವರು ಅದಕ್ಕೆ ಇಟ್ಟ "ವೂಟ್ಜ್" ಎಂಬ ಹೆಸರು ನಮ್ಮ "ಉಕ್ಕು" ಪದದಿಂದಲೇ ಹೋದದ್ದು ಅಂತ ಹೇಳುತ್ತಾರೆ.

ಆ ಅಚ್ಚಿನ ಉಳಿ ಗುಜರಿಗೆ ಹೋದರೆ ನನ್ನನ್ನು ಕರೆಯಿರಿ, ನಾನೇ ಗುಜರಿ ಅಂಗಡಿ ಮುಂದೆ ನಿಂತಿರುತ್ತೇನೆ.

ಬರ್ಮಿಂಗ್‌ಹ್ಯಾಮ್ ಭಟ್ಟ

ರೆಕಾರ್ಡ್ ಹತ್ತರಿಗಳು ಶೆಫೀಲ್ಡಿನವು. 05 ಅಂದರೆ ಸ್ಟ್ಯಾನ್ಲಿ ಕಂಪನಿಯ ನಂಬರ್ 5 ಹತ್ತರಿಯ ಜೋಡಿ, 14 ಇಂಚು ಉದ್ದ. ಇಲ್ಲಿ ಭಾನುವಾರ ಮೈದಾನಗಳಲ್ಲಿ ಕಾರಿನ ಡಿಕ್ಕಿ ತೆಗೆದು ಹಳೆ ಸಾಮಾನು ಮಾರುತ್ತಾರೆ, ಬೆಳಿಗ್ಗೆ ಏಳಕ್ಕೆ ಹೋದರೂ ಅಂಥ ಹತ್ತರಿ ಯಾರೋ ಎತ್ತಿಕೊಂಡು ಹೋಗಿರುತ್ತಾರೆ. ಬ್ಲೇಡು ಎರಡಿಂಚಿನದು. ಸುಟ್ಟದ್ದು ಸರಿಹೋಗದಿದ್ದರೆ ಅದೇ ಅಗಲದ ಬೇರೆ ಬ್ಲೇಡು ಸಾಮಾನ್ಯವಾಗಿ ಕೂರುತ್ತದೆ. ಬಾಡಿಯಲ್ಲಿ ಬಾಯಿಯ ಪಕ್ಕ ಬಿರುಕು ಇದೆಯಾ ನೋಡಿ. ಅದು ಬೀಡು. ಕೆಳಗೆ ಬಿದ್ದರೆ ಮೊದಲು ಸೀಳುವುದು ಅಲ್ಲೇ. ಬಿರುಕಿದ್ದರೆ ಬಿಡಿಭಾಗಕ್ಕೆ ಮಾತ್ರ.

ಅಂದ ಹಾಗೆ ಹತ್ತರಿ ಅಂತ ಓದಿ ಎಷ್ಟು ವರ್ಷ ಆಯಿತೋ. ನಮ್ಮ ಕುಂದಾಪುರದ ಕಡೆ ಕೀಸುಳಿ.

ಗ್ಯಾರೇಜ್ ಗೌಡ

ನಮ್ಮಲ್ಲಿ ತೋಪಡ. ಹುಬ್ಬಳ್ಳಿಯವರು ರಂದಾ ಅಂತಾರೆ. ಈ ಜಗಳ ಬೇರೆ ಕಡೆ ಇಟ್ಟುಕೊಳ್ಳೋಣ.

ಉಳಿ, ಹತ್ತರಿ ವಿಷಯ ಒಪ್ಪಿದೆ. ಆದರೆ ಗರಗಸ, ಅರ, ಡ್ರಿಲ್ಲು? ಅದನ್ನೂ ಪೂಜೆ ಮಾಡುತ್ತೀರಾ?

ಪೀಣ್ಯ ಟರ್ನರ್

ಅದನ್ನು ಮಾಡಲ್ಲ ಗೌಡರೇ.

ಅರ ಸವೆದರೆ ಸವೆಯಿತು. ಮೊದಲು ತಂತಿ ಬ್ರಷ್ಷಿನಿಂದ ಹಲ್ಲಿನ ಸಂದು ಕ್ಲೀನ್ ಮಾಡಿ, ಎಷ್ಟೋ ಸಲ ಅರ ಮೊಂಡಾಗಿರುವುದಿಲ್ಲ, ಕಟ್ಟಿಕೊಂಡಿರುತ್ತದೆ. ಮತ್ತೆ ಕಟ್ಟಿಕೊಳ್ಳದ ಹಾಗೆ ಸೀಮೆಸುಣ್ಣ ಉಜ್ಜಿ. ಆಮೇಲೂ ಜಾರಿದರೆ ಹೊಸದು ತಗೊಳ್ಳಿ. ಹಳೆಯದನ್ನು ಎಸೆಯಬೇಡಿ, ಅದು ನೂರಕ್ಕೆ ಒಂದು ಪಾಲಿಗೂ ಜಾಸ್ತಿ ಕಾರ್ಬನ್ ಇರುವ ಉಕ್ಕು. ಕಮ್ಮಾರ ಸಿಕ್ಕರೆ ಒಳ್ಳೆ ಚಾಕು ಮಾಡಿಕೊಡುತ್ತಾನೆ. ಆದರೆ ಅರದಿಂದ ಏನನ್ನೂ ಮೀಟಬೇಡಿ, ಗಾಜಿನ ಹಾಗೆ ಸಿಡಿಯುತ್ತದೆ.

ಡ್ರಿಲ್ ಬಿಟ್ಟುಗಳು ಪೆಟ್ಟಿಗೆಯಲ್ಲಿ ಇದ್ದರೆ 6 ಮಿ.ಮೀ.ಗಿಂತ ದಪ್ಪದವನ್ನು ಮಸೆಯಬಹುದು, ತುದಿ 118 ಡಿಗ್ರಿ. ಸಣ್ಣವಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಹೊಸದು ತಗೊಳ್ಳಿ.

ಡ್ರಿಲ್ ಮೆಷಿನ್ ಮಾತ್ರ ಹುಷಾರು. ಆ ಕಾಲದವು ಲೋಹದ ಬಾಡಿ. ಅರ್ಥ್ ವೈರು ಇರಲೇಬೇಕು. ಹಳೆ ಮನೆಗಳಲ್ಲಿ ಮೂರು ಪಿನ್ನಿನ ಜಾಗದಲ್ಲಿ ಎರಡು ಪಿನ್ ಹಾಕಿಕೊಂಡು ನಡೆಸಿರುತ್ತಾರೆ. ವೈರಿನ ರಬ್ಬರು ಬೆರಳಲ್ಲಿ ಮುಟ್ಟಿದರೆ ಪುಡಿಯಾಗುತ್ತದೆ. ಪ್ಲಗ್ಗಿಗೆ ಹಾಕಿ "ನೋಡೋಣ" ಅನ್ನಬೇಡಿ. ವೈಂಡಿಂಗ್ ಅಂಗಡಿಗೆ ಕೊಟ್ಟು ಮೆಗ್ಗರ್ (ಕರೆಂಟ್ ಸೋರುತ್ತಿದೆಯಾ ಅಂತ ನೋಡುವ ಮೀಟರ್) ಹಾಕಿಸಿ, ಹೊಸ ವೈರು, ಕಾರ್ಬನ್ ಬ್ರಷ್ ಹಾಕಿಸಿ. ಅಷ್ಟು ಖರ್ಚು ಬೇಡ ಅಂದರೆ ಶೋಕೇಸಿನಲ್ಲಿ ಇಡಿ. ನಾನಾಗಿದ್ದರೆ ಶೋಕೇಸೇ.

ಸಾಗರದ ಶಾಂತಕ್ಕ

ಗರಗಸದ ಹಲ್ಲು ನೋಡಿ. ತುದಿಯಲ್ಲಿ ಮಾತ್ರ ಕಪ್ಪು ನೀಲಿ ಬಣ್ಣ ಇದ್ದರೆ ಅದು ಈಗಿನ ಮಾಲು, ಹಲ್ಲನ್ನು ಮೆಷಿನ್ನಿನಲ್ಲಿ ಗಟ್ಟಿ ಮಾಡಿರುತ್ತಾರೆ. ಅರ ಹಿಡಿದರೆ ಅರವೇ ಸವೆಯುತ್ತದೆ. ಅದು ಮೊಂಡಾದ ದಿನ ಕಸ. ಹಲ್ಲು ಪೂರ್ತಿ ಬ್ಲೇಡಿನ ಬಣ್ಣವೇ ಇದ್ದರೆ ಹಳೆಯದು, ಮೂರುಮೂಲೆ ಅರದಲ್ಲಿ ಎಷ್ಟು ಸಲ ಬೇಕಾದರೂ ಮಸೆಯಬಹುದು. ನಮ್ಮ ಮಾವ ಗರಗಸವನ್ನು ಎರಡು ಹಲಗೆ ನಡುವೆ ಸಿಕ್ಕಿಸಿ, ಜಗಲಿ ಮೇಲೆ ಕೂತು, ಒಂದು ಹಲ್ಲು ಬಿಟ್ಟು ಒಂದು ಹಲ್ಲು ಅರ ಎಳೆಯುತ್ತಿದ್ದರು. ಕೀರ್ ಕೀರ್ ಅಂತ ಆ ಸದ್ದಿಗೆ ನಾಯಿ ಮನೆ ಬಿಟ್ಟು ಹೋಗುತ್ತಿತ್ತು. ಆಮೇಲೆ ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಚೂರು ಬಗ್ಗಿಸುವುದು. ಅದು ಇಲ್ಲದಿದ್ದರೆ ಗರಗಸ ಮರದಲ್ಲಿ ಸಿಕ್ಕಿಕೊಳ್ಳುತ್ತದೆ.

ಮರಳಿನ ಮನುಷ್ಯ

ತಮ್ಮಾ, ನಾನು ಇಲ್ಲಿ ಓದುತ್ತೇನೆ ಅಷ್ಟೆ, ಬರೆಯುವುದು ಕಡಿಮೆ. ಎಲ್ಲರೂ ತುಕ್ಕಿನ ಬಗ್ಗೆ ಮಾತಾಡಿದರು. ಆ ಸ್ಕೇಲಿನ ಬಗ್ಗೆ ಯಾರೂ ಕೇಳಲಿಲ್ಲ.

ಎಸೆದಿಲ್ಲ ತಾನೇ?

ನಾನು 31 ವರ್ಷ ಫೌಂಡ್ರಿಯಲ್ಲಿ, ಅಂದರೆ ಲೋಹ ಎರಕ ಹೊಯ್ಯುವ ಕಡೆ, ಮೌಲ್ಡಿಂಗ್ (ಮರಳಿನ ಅಚ್ಚು) ಮಾಡಿದವನು. ನಿನ್ನ ಸ್ಕೇಲು ತಪ್ಪಲ್ಲ. ಅದು ಕುಗ್ಗುವ ಲೆಕ್ಕ ಸೇರಿಸಿ ಮಾಡಿದ ಸ್ಕೇಲು, ನಾವು ಶ್ರಿಂಕ್ ಸ್ಕೇಲ್ ಅನ್ನುತ್ತಿದ್ದೆವು. ಕರಗಿದ ಬೀಡು ಆರಿ ಗಟ್ಟಿಯಾಗುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತದೆ. ಅಡಿಗೆ ಇಂಚಿನ ಎಂಟನೇ ಒಂದು ಭಾಗ, ಅಂದರೆ ನೀನು ಹೇಳಿದ 3 ಮಿ.ಮೀ. 300 ಮಿ.ಮೀ. ಬೀಡಿನ ತುಂಡು ಬೇಕು ಅಂದರೆ ಮರದ ಪ್ಯಾಟರ್ನು, ಅಂದರೆ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುವ ಮಾದರಿ, 303 ಇರಬೇಕು. ಪ್ರತಿ ಅಳತೆಗೂ ಲೆಕ್ಕ ಹಾಕುತ್ತಾ ಕೂತರೆ ಆಗುತ್ತದಾ? ಅದಕ್ಕೇ ಸ್ಕೇಲನ್ನೇ ಉದ್ದ ಮಾಡಿರುತ್ತಾರೆ. ಡ್ರಾಯಿಂಗಿನಲ್ಲಿ 300 ಅಂತ ಇದ್ದರೆ ಈ ಸ್ಕೇಲಿನಲ್ಲಿ 300 ಗುರುತು ಹಾಕು, ಮುಗಿಯಿತು. ಉಕ್ಕು ಎರಕ ಹೊಯ್ಯಲು ಬೇರೆ ಸ್ಕೇಲು, ಅದು ಎರಡು ಪಾಲು ಕುಗ್ಗುತ್ತದೆ.

ಇನ್ನು ಆ "ಉಲ್ಟಾ ಮಸೆದ" ಉಳಿಗಳು. ಒಳಗಡೆ ಇಳಿಜಾರು ಇದ್ದರೆ ಹೊರಗಿನ ಬೆನ್ನು ನೇರ ಉಳಿಯುತ್ತದೆ. ಅದನ್ನು ಮರಕ್ಕೆ ಒತ್ತಿ ಹಿಡಿದು ನೇರ ಕೆಳಗೆ ಇಳಿಸಬಹುದು, ಅರ್ಧಗುಂಡು ಗೋಡೆ ಎಲ್ಲೂ ಸೊಟ್ಟಗಾಗದೆ ಬರುತ್ತದೆ. ಕೋರ್ ಬಾಕ್ಸು, ಅಂದರೆ ಎರಕದ ಒಳಗಿನ ಟೊಳ್ಳಿಗೆ ಮರಳಿನ ತಿರುಳು ಮಾಡುವ ಪೆಟ್ಟಿಗೆ, ಮಾಡಲು ಅದೇ ಬೇಕು. ಕೆತ್ತನೆಯವರ ಉಳಿಗೆ ಹೊರಗಡೆ ಇಳಿಜಾರು, ಪ್ಯಾಟರ್ನಿನವರ ಉಳಿಗೆ ಒಳಗಡೆ. ಆ ಸಾಣೆಯವನು "ಸರಿ" ಮಾಡಿದ್ದರೆ ಐದೂ ಹಾಳಾಗುತ್ತಿದ್ದವು.

ನಿಮ್ಮ ತಂದೆ ಬಾಗಿಲು ಕಿಟಕಿ ಬಡಗಿ ಆಗಿರಲಿಲ್ಲ. ಪ್ಯಾಟರ್ನ್ ಮೇಕರ್ ಆಗಿದ್ದರು. ಹರಿಹರ ಅಂದ ಮೇಲೆ ಆಶ್ಚರ್ಯ ಇಲ್ಲ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಅಲ್ಲಿಂದ ದೇಶಕ್ಕೆಲ್ಲ ಲೇತುಗಳು ಹೋದ ಊರು ಅದು. ಲೇತಿನ ಬೆಡ್ಡು, ಹೆಡ್‌ಸ್ಟಾಕು ಎಲ್ಲ ಬೀಡಿನ ಎರಕ. ಬೀಡಾಗುವ ಮೊದಲು ಅದು ಮರದಲ್ಲಿ ಆಗಬೇಕು, ಆಮೇಲೆ ನಮ್ಮ ಮರಳಿಗೆ ಬರಬೇಕು. ಒಳ್ಳೆ ಪ್ಯಾಟರ್ನು ಮರಳಿನಿಂದ ಎತ್ತುವಾಗ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಬರುತ್ತದೆ, ಯಾಕೆಂದರೆ ಬದಿಗಳಿಗೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟಿರುತ್ತಾರೆ. ಕೆಟ್ಟದ್ದು ಮರಳನ್ನೂ ಕಿತ್ತುಕೊಂಡು ಬರುತ್ತದೆ. ಯಾವ ಪ್ಯಾಟರ್ನು ಯಾರು ಮಾಡಿದ್ದು ಅಂತ ಎತ್ತುವಾಗಲೇ ನಮಗೆ ಗೊತ್ತಾಗುತ್ತಿತ್ತು. ಬೈಯುವುದಿದ್ದರೂ ಅವರನ್ನೇ ಬೈಯುತ್ತಿದ್ದೆವು.

ಉಳಿಗಳ ಒಳಗಡೆ ಮಸೆಯಲು ಅಂಚು ಗುಂಡಾದ ಸಣ್ಣ ಕಲ್ಲು ಬೇಕು. ಪೆಟ್ಟಿಗೆಯ ಮೂಲೆಯಲ್ಲಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತಾರೆ, ಹುಡುಕು. ಸಿಗದಿದ್ದರೆ ಗುಂಡು ಕಡ್ಡಿಗೆ ವಾಟರ್ ಪೇಪರ್ ಸುತ್ತಿಕೋ.

ಹರಿಹರದ ಹುಡುಗ

ಕಲ್ಲು ಸಿಕ್ಕಿತು ಸರ್. ಅಪ್ಪನ ಹಳೆ ಬನಿಯನ್ ತುಂಡಿನಲ್ಲಿ ಸುತ್ತಿತ್ತು, ನಾನು ಕಸ ಅಂದುಕೊಂಡಿದ್ದೆ. ಎರಡು ಕಲ್ಲು. ಒಂದರ ಅಂಚು ಮಧ್ಯದಲ್ಲಿ ಸವೆದು ಬಾಗಿದೆ.

ಸ್ಕೇಲಿನ ತುಕ್ಕು ಸೀಮೆಎಣ್ಣೆಯಲ್ಲಿ ಉಜ್ಜಿದೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "ಶ್ರಿಂಕ್" ಅಂತ ಇದೆ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. "ಹೌದಪ್ಪ, ಪ್ಯಾಟ್ರನ್ ಸೆಕ್ಷನ್ನು. ನೀನು ಯಾವತ್ತು ಕೇಳಿದ್ದೆ?" ಅಂದರು.

ಎರಡು ದಿನ ಇಲ್ಲಿ ಬರೆಯಲಿಲ್ಲ, ಅದಕ್ಕೆ.

ಗ್ಯಾರೇಜ್ ಗೌಡ

ನನ್ನ ಗುಜರಿ ಮಾತು ವಾಪಸ್ ತಗೊಂಡೆ ಸರ್. ಅರ ಬಿಟ್ಟು.

ಹರಿಹರದ ಹುಡುಗ

ದೀಪಾವಳಿ ಮುಗಿಯಿತು, ಅಟ್ಟ ಖಾಲಿ ಆಯಿತು. ಏನಾಯಿತು ಅಂತ ಹೇಳಿಬಿಡುತ್ತೇನೆ.

ಚಪ್ಪಟೆ ಉಳಿ ಒಂಬತ್ತರಲ್ಲಿ ಆರಕ್ಕೆ ಬೆನ್ನು ಚೆನ್ನಾಗಿತ್ತು. ಮುಕ್ಕಾಲು ಇಂಚಿನದು ತೇಗವನ್ನು ನಿಜವಾಗಿಯೂ ಮೇಣದ ಹಾಗೆ ಕೊಯ್ಯುತ್ತದೆ. ಸಿಪ್ಪೆ ಎಷ್ಟು ತೆಳು ಅಂದರೆ ಫ್ಯಾನ್ ಗಾಳಿಗೆ ಹಾರಿ ಹೋಗಿ ಪಕ್ಕದ ಮನೆಯವರ ಒಗೆದ ಬಟ್ಟೆ ಮೇಲೆ ಕೂತಿತ್ತು. ಎರಡಕ್ಕೆ ಬಾಯಿಯ ಹತ್ತಿರವೇ ಗುಳಿ. ಒಂದನ್ನು ಅಂಟು ಕೆರೆಯಲು, ಪೇಂಟ್ ಡಬ್ಬ ತೆಗೆಯಲು ಇಟ್ಟುಕೊಂಡೆ, ಇನ್ನೊಂದನ್ನು ಮೊಂಡು ಉಳಿ ಅವರು ಕಲಿಯಲು ಕೇಳಿದರು, ಕೊಟ್ಟೆ. ಒಂದರ ಕುತ್ತಿಗೆಯಲ್ಲಿ ಬಿರುಕು, ಅದು ಗುಜರಿಗೆ. ಬಾಗಿದ ಐದನ್ನೂ ಒಳಗಡೆಯಿಂದಲೇ ಮಸೆದೆ. ಸದ್ಯ ನನಗೆ ಅವುಗಳಿಂದ ಕೆಲಸ ಇಲ್ಲ. ಇರಲಿ.

ರೆಕಾರ್ಡ್ ಹತ್ತರಿಯ ಬ್ಲೇಡು ಮೂರು ಮಿ.ಮೀ. ಸವೆಸಿದ ಮೇಲೆ ನೀಲಿ ಹೋಯಿತು. ಕೈಯಲ್ಲೇ ಮಾಡಿದೆ, ಎರಡು ಭಾನುವಾರ ಬೇಕಾಯಿತು, ಬೆರಳ ತುದಿಯ ಚರ್ಮವೂ ಸವೆಯಿತು. ಮರದ ಹತ್ತರಿಗಳಲ್ಲಿ ಒಂದು ಗೆದ್ದಲು ತಿಂದಿತ್ತು, ಬ್ಲೇಡು ತೆಗೆದುಕೊಂಡು ಮರ ಒಲೆಗೆ ಹಾಕಿದೆವು. ಗರಗಸ ಒಂದು ಮಸೆಯುವ ಜಾತಿ, ಶಾಂತಕ್ಕ ಹೇಳಿದ ಹಾಗೆ ಮಾಡಬೇಕು, ಇನ್ನೂ ಧೈರ್ಯ ಬಂದಿಲ್ಲ. ಅರಗಳು ಎಲ್ಲ ಗುಜರಿಗೆ, ನಾಲ್ಕು ಬಿಟ್ಟು. ಡ್ರಿಲ್ಲು ಶೋಕೇಸಿನಲ್ಲಿ ಗಣಪತಿ ಪಕ್ಕ.

ಕೊಡತಿ ಒಡೆದಿದೆ. ಹೊಸದು ಮಾಡಲು ಯಾವ ಮರ?

ಸಾಗರದ ಶಾಂತಕ್ಕ

ಕೊಡತಿಗೆ ಹುಣಸೆ. ಸುತ್ತಿಗೆಗೆ, ಬಾಚಿಗೆ ಕಾವು (ಹಿಡಿ) ಹಾಕುವುದಾದರೆ ಜಾಲಿ. ಪೂರ್ತಿ ಒಣಗಿದ್ದು ಹಾಕು. ಹಸಿ ಹಾಕಿದರೆ ಬೇಸಿಗೆಯಲ್ಲಿ ಸಡಿಲಾಗಿ ತಲೆ ಹಾರಿ ಹೋಗುತ್ತದೆ.

ಹರಿಹರದ ಹುಡುಗ

ಆಯಿತು ಅಕ್ಕ. ಇನ್ನೊಂದು ವಿಷಯ, ಮರಳಿನ ಮನುಷ್ಯ ಸರ್ ಗೆ. ನನ್ನ ಮಗಳು ಐದನೇ ಕ್ಲಾಸು. ಬೆಂಚಿನ ಮೇಲಿದ್ದ ಅಪ್ಪನ ಸ್ಕೇಲ್ ಎತ್ತಿಕೊಂಡು ಹೋಗಿ ಗಣಿತದ ಹೋಂವರ್ಕ್ ಮಾಡಿದ್ದಾಳೆ. 10 ಸೆಂ.ಮೀ. ಗೆರೆ 10.1 ಬಂದಿದೆ. ಟೀಚರ್ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಕಳಿಸಿದ್ದಾರೆ.

ಮರಳಿನ ಮನುಷ್ಯ

ಸ್ವಲ್ಪ ಆರಲಿ, 10ಕ್ಕೇ ಬರುತ್ತದೆ ಅಂತ ಹೇಳು ಟೀಚರಿಗೆ.